ಕೆಳಮೂಲೆ

ಮೂವತ್ತೊಂದು ವರ್ಷ ಗೇಜು ಹಿಡಿದ ಕೈ ಇದು.
ಭದ್ರಾವತಿಯ ಕಾರ್ಖಾನೆ, ತಪಾಸಣೆ ವಿಭಾಗ, ಎರಡನೇ ಪಾಳಿ.
ಸರಳು ಈ ತೂತಿನಲ್ಲಿ ಹೋದರೆ ಪಾಸು,
ಪಕ್ಕದ ತೂತಿನಲ್ಲೂ ಹೋದರೆ ಗುಜರಿ.
ಎರಡರ ನಡುವೆ ಕೂದಲೆಳೆಯಷ್ಟು ಜಾಗ,
ಅಷ್ಟರಲ್ಲೇ ನನ್ನ ಸಂಬಳ, ನನ್ನ ಮರ್ಯಾದೆ.
"ಆರ್ಮುಗಂ ನೋಡಿದಾನಾ?" ಅಂತ ಕೇಳಿ
ಹೌದು ಅಂದರೆ
ಇನ್ನೊಬ್ಬರು ನೋಡುತ್ತಿರಲಿಲ್ಲ.

ಈಗ ನ್ಯೂಟೌನ್ ಮೈದಾನದಲ್ಲಿ
ಹೆಣ್ಣುಮಕ್ಕಳ ಸಾಫ್ಟ್‌ಬಾಲಿಗೆ ಅಂಪೈರು.
ಮುಖಕ್ಕೆ ಪಂಜರ, ಎದೆಗೆ ದಿಂಬು,
ಒಂದು ಊಟ, ಇನ್ನೂರೈವತ್ತು ರೂಪಾಯಿ.

ಇಲ್ಲಿಯ ಗೇಜು ಗಾಳಿಯದು.
ಪ್ಲೇಟಿನ ಮೇಲೆ ಚೌಕಟ್ಟಿಲ್ಲದ ಒಂದು ಕಿಟಕಿ,
ಕಂಕುಳಿಂದ ಮೊಣಕಾಲ ಚಿಪ್ಪಿನ ತನಕ.
ಯಾರ ಕಂಕುಳು? ಯಾರ ಚಿಪ್ಪು?
ಶಿಕಾರಿಪುರದ ಉದ್ದನೆ ಹುಡುಗಿ ಬಂದರೆ ಕಿಟಕಿ ಬೆಳೆಯುತ್ತದೆ,
ಹೊಸನಗರದ ಚೌಡಮ್ಮ ಬಂದು ನಿಂತರೆ
ತಿಂಡಿಡಬ್ಬಿಯ ಮುಚ್ಚಳದಷ್ಟಾಗುತ್ತದೆ.
ರೆಪ್ಪೆ ಬಡಿಯುವಷ್ಟರಲ್ಲಿ ಚೆಂಡು ಹಾದುಹೋಗಿರುತ್ತದೆ.
ಆಮೇಲೆ ಉಳಿಯುವುದು ಬರೀ ನನ್ನ ಬಾಯಿ.

ಆವತ್ತು ಕೊನೇ ಇನ್ನಿಂಗ್ಸು.
ಮೂರು ಬೇಸಿನಲ್ಲೂ ಮೂವರು, ಇಬ್ಬರು ಔಟು,
ಮೂರು ಬಾಲು, ಎರಡು ಸ್ಟ್ರೈಕು, ಹೊಸನಗರಕ್ಕೆ ಒಂದೇ ರನ್ನಿನ ಕೊರತೆ.
ಚೌಡಮ್ಮ ಬ್ಯಾಟು ಬೀಸಲಿಲ್ಲ.
ಚೆಂಡು ಹೊರಗಿನ ಕೆಳಮೂಲೆಗೆ ಬಂತು,
ಕ್ಯಾಚರಿನ ಗ್ಲೌಸು ಮಣ್ಣು ಕೆರೆಯಿತು.
"ಸ್ಟ್ರೈಕ್!" ಅಂದೆ.
ಅನುಮಾನ ನನ್ನ ದನಿಗೆ ಅಭ್ಯಾಸವಿಲ್ಲ.

ಅವಳು ನನ್ನ ಕಡೆ ತಿರುಗಲಿಲ್ಲ.
ಚೆಂಡು ಹಾದುಹೋದ ಗಾಳಿಯನ್ನೇ ನೋಡುತ್ತಿದ್ದಳು,
ಹರಿದ ಚೀಲ ಹಿಡಿದವರು
ಬಂದ ದಾರಿಯನ್ನು ನೋಡುವ ಹಾಗೆ.

ಬಲೆಯ ಹಿಂದೆ ಕೂತು ಸ್ಕೋರು ಬರೆಯುವ ಮೆಹಜಬೀನ್
ಸಂಜೆ ನೋಟುಬುಕ್ಕು ತಂದಳು.
"ಅಂಕಲ್, ಬೇಜಾರಿಲ್ಲ ಅಂದ್ರೆ ತೋರಿಸ್ತೀನಿ."
ಪುಟ ತುಂಬ ಪುಟ್ಟ ಪುಟ್ಟ ಕಿಟಕಿ, ಪೆನ್ಸಿಲ್ ಚುಕ್ಕೆ.
ಬ್ಯಾಟು ಬೀಸದೆ ಬಿಟ್ಟದ್ದು ತೊಂಬತ್ತಾರು,
ನಾನು ತಪ್ಪಿದ್ದು ಹನ್ನೊಂದು.
ಒಂದು ಎಲ್ಲೋ ಮೇಲೆ.
ಉಳಿದ ಹತ್ತೂ ಒಂದೇ ಮೂಲೆಯಲ್ಲಿ,
ಬೆಲ್ಲಕ್ಕೆ ಮುತ್ತಿದ ಇರುವೆ.
"ಎಂಬತ್ತೆಂಟೂವರೆ ಪರ್ಸೆಂಟು, ಚೆನ್ನಾಗೇ ಇದೆ ಅಂಕಲ್."

ತೊಂಬತ್ತಾರು ಸರಳಿಗೆ ಹನ್ನೊಂದು ಸುಳ್ಳಾಗಿದ್ದರೆ
ಯಾವ ಸೇತುವೆಯ ಕೆಳಗೂ ನಾನು ನಿಲ್ಲುತ್ತಿರಲಿಲ್ಲ.

ಎಡಗಾಲಿನ ಮಂಡಿ ಬಗ್ಗದೆ ಆರು ವರ್ಷ.
ಯಾರಿಗೂ ಹೇಳಿಲ್ಲ, ಪ್ಯಾಂಟು ಮುಚ್ಚಿದೆ.
ಬಗ್ಗಬೇಕಾದಷ್ಟು ಬಗ್ಗದೆ ಮೇಲಿಂದ ನೋಡಿದರೆ
ಕೆಳಗಿನದೆಲ್ಲ ಸರಿಯಾಗಿಯೇ ಕಾಣುತ್ತದೆ.

ಮಾರನೇ ದಿನ ಮೂರನೇ ಸ್ಥಾನಕ್ಕೆ ಆಟ.
ಮತ್ತೆ ಚೌಡಮ್ಮ, ಮತ್ತೆ ಮೂರು ಬಾಲು.
ಚೆಂಡು ನೆಟ್ಟಗೆ ಬಂತು, ಕಿಟಕಿಯ ನಟ್ಟನಡುವೆ,
ಕುರುಡನಿಗೂ ಕಾಣುವಂತೆ.
"ಬಾಲ್" ಅಂದೆ.
ಬೇಕೆಂದೇ ಅಂದೆ.
ಅವಳು ಮೊದಲ ಬೇಸಿಗೆ ನಡೆದಳು,
ಅಂಗಡಿಯವನು ಹೆಚ್ಚಿಗೆ ಕೊಟ್ಟ ಚಿಲ್ಲರೆಯನ್ನು
ಮುಷ್ಟಿ ಬಿಚ್ಚದೆ ಹಿಡಿದವಳಂತೆ.
ಬೆನ್ನ ಹಿಂದೆ ಪೆನ್ಸಿಲ್ ಕಾಗದಕ್ಕೆ ತಾಗಿದ ಸದ್ದು.
ಆಮೇಲೆ ನೋಡಿದೆ: ಅದೇ ಚುಕ್ಕೆ, ಅಷ್ಟೇ ದಪ್ಪ.
ಕನಿಕರಕ್ಕೆ ಬೇರೆ ಬಣ್ಣ ಇಲ್ಲವಾ ಅಂತ
ಬಾಯಿಗೆ ಬಂದಿತ್ತು, ನುಂಗಿದೆ.

ಈಗ ಮನೆಯ ಬಾಗಿಲಿಗೆ ಎರಡು ದಾರ ಕಟ್ಟಿದ್ದೇನೆ,
ಒಂದು ಚೌಡಮ್ಮನ ಕಂಕುಳಿನ ಎತ್ತರಕ್ಕೆ, ಒಂದು ಮೊಣಕಾಲಿನದಕ್ಕೆ.
ಮಣೆಯ ಮೇಲೆ ಕೂರುತ್ತೇನೆ, ಮಂಡಿ ಕೂಗುತ್ತದೆ.
ಅಂಗಳದಿಂದ ಕನ್ನಿಯಮ್ಮ ನಿಂಬೆಹಣ್ಣು ಎಸೆಯುತ್ತಾಳೆ,
ಬೈದುಕೊಂಡೇ.
ಒಂದು ಹಣ್ಣು ಕೆಳದಾರವನ್ನು ಸವರಿತೋ ಇಲ್ಲವೋ,
ದಾರ ಅಲುಗಿದ್ದು ಗಾಳಿಗೋ.
"ಒಳಗಾ, ಹೊರಗಾ? ಬೇಗ ಹೇಳಿ, ಸಾರು ಉಕ್ತಿದೆ."
"ಗೊತ್ತಾಗಲಿಲ್ಲ ಕಣೇ," ಅಂದೆ,
"ಇನ್ನೊಂದು ಸಲ ಎಸಿ."