ಹೆಜ್ಜೆ ಓದುವ ಕೆಲಸ

ಮಾಜಾಳಿಯಲ್ಲಿ ಕಡಲು ಇಳಿದಾಗ ಬಿಟ್ಟುಕೊಡುವ
ಮುನ್ನೂರು ಮೀಟರು ಗಟ್ಟಿ ಮರಳೇ ನಮ್ಮ ಟ್ರ್ಯಾಕು.
ವೇಳಾಪಟ್ಟಿ ಬರೆಯುವವನು ಚಂದ್ರ.
ಅವನು ದಿನಾ ಮುಕ್ಕಾಲು ತಾಸು ತಡ ಮಾಡಬಹುದು,
ನಾನು ಮಾಡಿದರೆ ಮಾತ್ರ ದುರ್ಗೇಕರ ಅಕ್ಕೋರು ಬೈಯುತ್ತಾರೆ.

ಸೇರಿದ ದಿನವೇ ಕೇಳಿದ್ದೆ, ಸೀಟಿ ಯಾವಾಗ ಕೊಡ್ತೀರಿ?
ಹಲಗೆ ಕೊಟ್ಟರು, ಮರಳು ಸಪಾಟು ಮಾಡಲು.
ಆಮೇಲೆ ಹಗ್ಗ, ಗೂಟ, ಎಂಟು ಹುಡುಗಿಯರ ನೀರಿನ ಬಾಟಲಿ,
ರಾತ್ರಿ ದಡಕ್ಕೆ ಬಿದ್ದ ಲೋಳೆಮೀನು ಹೆಕ್ಕುವ ಕೆಲಸ.
ತಿಂಗಳಿಗೆ ಮೂರು ಸಾವಿರ, ಅದೂ ಬಂದರೆ.
ನಾನು ಗಜಾನನ ಹರಿಕಂತ್ರ,
ಧಾರವಾಡದ ಕೂಟದಲ್ಲಿ ನಾನೂರು ಮೀಟರಿನ ಕೊನೆಯ ತಿರುವಿನಲ್ಲಿ
ತೊಡೆಯ ಹಿಂಬದಿ ಹರಿಯುವವರೆಗೂ
ಎಲ್ಲರಿಗಿಂತ ಮುಂದಿದ್ದವನು.
ಇದನ್ನು ಮೂರನೇ ಸಲ ಹೇಳಿದಾಗ ಅಕ್ಕೋರು ಅಂದರು:
"ನಿನ್ನ ಕಾಲಿನ ಕತೆ ಸಾಕು ಮಾರಾಯ,
ಅವರ ಕಾಲು ನೋಡು."

ಓಡಿ ತೋರಿಸುವಂತಿಲ್ಲ.
ಮುಖ ನೋಡುವಂತಿಲ್ಲ, ಮುಖಕ್ಕೆ ನಾಟಕ ಬರ್ತದೆ.
ಹುಡುಗಿಯರು ಬರಿಗಾಲಲ್ಲಿ ಹಾದುಹೋದ ಮೇಲೆ
ಹಸಿ ಮರಳಿನ ಅಚ್ಚು ಬಗ್ಗಿ ಓದಿ ಹೇಳಬೇಕು ನಾನು.
ಕೊಡೆ ಊರಿಕೊಂಡು, ಕಡಲಿಗೆ ಮುಖ ಮಾಡಿ
ಅಕ್ಕೋರು ಕೇಳುತ್ತಾರೆ: "ಎಂತ ಕಾಣ್ತದೆ?"

ಮೊದಮೊದಲು ಕಾಲು ಕಾಣುತ್ತಿತ್ತು, ಅಷ್ಟೇ.
ದೀಪಾವಳಿ ಕಳೆಯುವ ಹೊತ್ತಿಗೆ
ಹಿಮ್ಮಡಿ ಆಳವಿದ್ದರೆ ಬ್ರೇಕು ಹಾಕುತ್ತಿದ್ದಾಳೆ,
ಬೆರಳ ತುದಿಯಿಂದ ಮರಳು ಹಿಂದಕ್ಕೆ ಚಿಮ್ಮಿದ್ದರೆ ಸರಿ.
ಹೆಜ್ಜೆಗೂ ಹೆಜ್ಜೆಗೂ ನಡುವೆ ಅಂತರ ಕುಗ್ಗಿದರೆ
ಸುಗಂಧಾ ಬಾಂದೇಕರ ಇವತ್ತೂ
ಅಣ್ಣನ ಬಲೆ ಬಿಡಿಸಿಕೊಟ್ಟು
ಗಂಜಿ ಉಣ್ಣದೆ ಬಂದಿದ್ದಾಳೆ.

ರಂಪಣಿ ಎಳೆಯುವ ದಿನ ನಮಗೆ ರಜೆ.
ಹಿಂದೆ ಹಿಂದೆ ನಡೆಯುತ್ತ ಹಗ್ಗ ಜಗ್ಗುವವರ ಸಾಲಿನಲ್ಲಿ
ಅಪ್ಪನೂ ಇರುತ್ತಾನೆ.
ಅವರು ಹೋದ ಮೇಲೆ, ಅಭ್ಯಾಸಬಲ, ಬಗ್ಗಿ ನೋಡಿದೆ:
ಅಪ್ಪ ಬಲಗಾಲಿಗೆ ಭಾರ ಬಿಡುತ್ತಿಲ್ಲ.
ಮನೆಯಲ್ಲಿ ಕೇಳಿದರೆ "ಯಾರು ಹೇಳಿದ್ದು?" ಎಂದು ರೇಗಿದ.
ಮರಳು, ಅನ್ನಲಿಲ್ಲ ನಾನು.

ಜುಲಿಯಾನಾ ಸಿದ್ದಿ. ಹಳಿಯಾಳದ ಕಡೆಯವಳು,
ಹಾಸ್ಟೆಲಿನ ಅನ್ನವನ್ನು ಬೈಯುತ್ತಲೇ ಎರಡು ಸಲ ಹಾಕಿಸಿಕೊಳ್ಳುವವಳು.
ಆಯ್ಕೆಗೆ ಒಂಬತ್ತು ದಿನ ಇರುವಾಗ
ಅವಳ ಎಡಪಾದ ಹೊರಕ್ಕೆ ತಿರುಗಿತ್ತು
ಅರ್ಧ ತೆರೆದ ಬಾಗಿಲಿನ ಹಾಗೆ.
ಬಾಟಲಿ ಇಸಿದುಕೊಳ್ಳುತ್ತ ಅಂದಳು, "ಅಕ್ಕೋರಿಗೆ ಹೇಳ್ಬೇಡ ಗಜಣ್ಣ."
ನನ್ನ ತೊಡೆಯ ಹಿಂಬದಿ ಒಮ್ಮೆ ಜುಮ್ಮೆಂದಿತು.

"ಎಂತ ಕಾಣ್ತದೆ?"
"ನೆಟ್ಟಗಿದೆ" ಅಂದೆ.

ಒಂದು ಅಲೆ ಬಂದು ಹೋಯಿತು. ಇನ್ನೊಂದು.
"ಟಪ್ ಟಪ್ ಅಂತ ಬರಬೇಕು ಗಜು.
ಟಪ್, ಟಸ್ ಅಂತ ಬಂತು.
ಎರಡು ವರ್ಷ ಆಯ್ತು, ಮರಳೂ ನೀರೂ ನನಗೆ ಒಂದೇ ಬಣ್ಣ.
ಕಾಣದ್ದಕ್ಕೇ ನಿನ್ನನ್ನು ಇಟ್ಟುಕೊಂಡದ್ದು."

ನಾಲ್ಕು ತಿಂಗಳು
ಪರೀಕ್ಷೆ ಅಂದುಕೊಂಡಿದ್ದೆ.
ಅವರು ನಿಜವಾಗಿಯೂ ಕೇಳುತ್ತಿದ್ದರು.

ಬೈಯಲಿಲ್ಲ. ಕೊರಳ ಸೀಟಿ ಬಿಚ್ಚಿ ಕೊಡಲೂ ಇಲ್ಲ.
"ಈ ಸಲ ಇಲ್ಲ ಅಂತ ನೀನೇ ಹೋಗಿ ಹೇಳು" ಅಂದರು.
ಹಲಗೆ ಎಳೆದಷ್ಟು ಸಲೀಸಲ್ಲ ಅದು.
ಜುಲಿಯಾನಾ ಮೊದಲು ನಕ್ಕಳು,
ಆಮೇಲೆ ಅವಳ ಕೊಂಕಣಿಯಲ್ಲಿ
ನನ್ನ ಅಜ್ಜನನ್ನೂ ಸೇರಿಸಿ ಒಂದು ಮಾತು ಎಸೆದು
ಗಾಳಿಮರಗಳ ಕಡೆ ನಡೆದುಬಿಟ್ಟಳು.

ಭರತಿ ಶುರುವಾಗಿತ್ತು.
ಬೇಡವೆಂದರೂ ಬಗ್ಗಿದೆ ಅವಳು ಹೋದ ಸಾಲಿನ ಪಕ್ಕ.
ಬಲ, ಆಳ. ಎಡ, ಹೊರಕ್ಕೆ, ಹಗುರ.
ಹನ್ನೊಂದನೆಯದರ ಹತ್ತಿರ ಎರಡೂ ಪಾದ ಜೋಡಿ.
ನಿಂತಿದ್ದಾಳೆ ಒಂದಿಷ್ಟು ಹೊತ್ತು. ತಿರುಗಿಲ್ಲ.

"ಎಂತ ಕಾಣ್ತದೆ?" ಹಿಂದಿನಿಂದ ಅಕ್ಕೋರು.

ನೀರು ಬಂದು ಮುಟ್ಟುವ ಮೊದಲು
ಇದ್ದದ್ದು ಇದ್ದ ಹಾಗೆ
ಹೇಳತೊಡಗಿದೆ.