ನಡುವಿನ ಚಿತ್ರಗಳು

ಈ ಊರಿನ ಹೆಸರು ವುಚ್. ಪೋಲಿಷ್‌ನಲ್ಲಿ ದೋಣಿ ಎಂದರ್ಥ.
ಹೊಳೆ ಎಲ್ಲಿ ಎಂದು ಮಾತ್ರ ಕೇಳಬೇಡಿ:
ಗಿರಣಿಗಳ ಕಾಲದಲ್ಲೇ ಕೊಳವೆಯೊಳಗೆ ಇಳಿಸಿ
ಮೇಲೆ ಊರು ಹಾಸಿಬಿಟ್ಟರು.
ಟ್ರಾಮಿನ ಹಳಿಯ ಬದಿಗೆ, ಆರು ಮೆಟ್ಟಿಲು ಕೆಳಗೆ, ನನ್ನ ಅಂಗಡಿ.

ಫೆಬ್ರವರಿಯ ಸಂಜೆ ಗೆನೊವೆಫಾ ಬಂದರು
ಲ್ಯಾಪ್‌ಟಾಪನ್ನು ಉಣ್ಣೆಯ ಶಾಲಿನಲ್ಲಿ ಸುತ್ತಿ,
ಬೇಕರಿಯಿಂದ ಬ್ರೆಡ್ ತಂದ ಹಾಗೆ. ಬಿಸಿಯೂ ಇತ್ತು.
"ಕಿಟಕಿ ಮುಚ್ಚುವಾಗ ತೊದಲುತ್ತದೆ."
ಬಡಗಿಯ ಮನೆ ಪಕ್ಕದ್ದು, ಎನ್ನಲಿದ್ದೆ.
ಅಷ್ಟರಲ್ಲಿ ಪರದೆ ತೆರೆದು ತೋರಿಸಿದರು:
ಮುಚ್ಚಿದ ಕಿಟಕಿ ಸಪೂರವಾಗಿ, ಹೊಗೆಯ ಹಾಗೆ
ಕೆಳಗಿನ ಪಟ್ಟಿಗೆ ಇಳಿಯಬೇಕು.
ಇಳಿಯಿತು,
ಮಂಡಿನೋವಿನವರು
ಮೆಟ್ಟಿಲು
ಇಳಿದಂತೆ.

"ಒಂಬತ್ತು," ಎಂದರು.
ಏನು ಒಂಬತ್ತು?
"ಸೆಕೆಂಡಿಗೆ ಒಂಬತ್ತು ಚಿತ್ರ."
ನಕ್ಕು, ಎಣಿಸುವ ಪ್ರೋಗ್ರಾಮು ಹಾಕಿದೆ.
ಮೂಲೆಯಲ್ಲಿ ಹಳದಿ ಅಂಕಿ: ಒಂಬತ್ತು.
ಆಮೇಲೆ ನಗಲಿಲ್ಲ.

ಮೂವತ್ತೊಂದು ವರ್ಷ ಕಾರ್ಟೂನು ಸ್ಟುಡಿಯೋದಲ್ಲಿ
ಮೇಷ್ಟ್ರು ಮೊದಲನೆಯದನ್ನೂ ಹನ್ನೆರಡನೆಯದನ್ನೂ ಬರೆದು
ಸಿಗರೇಟಿಗೆ ಹೋಗುತ್ತಿದ್ದರಂತೆ. ನಡುವಿನ ಹತ್ತು ಈಕೆಯವು.
ಕೊಕ್ಕರೆ ಕಾಲೆತ್ತಿದ್ದು ಅವರದು, ಊರಿದ್ದು ಅವರದು,
ಕಾಲು ಗಾಳಿಯಲ್ಲಿ ಕಳೆದ ಹೊತ್ತೆಲ್ಲ ಈಕೆಯದು.
ಕೊನೆಗೆ ಇವರ ಹೆಸರು ಬರುವಷ್ಟರಲ್ಲಿ
ಮಕ್ಕಳು ಕೋಟು ಹಾಕಿಕೊಂಡು ಎದ್ದಿರುತ್ತಿದ್ದರು.

ನೆರಳು ತೆಗೆದೆ. ಹನ್ನೊಂದು.
ಗಾಜಿನ ಮಸುಕು ತೆಗೆದೆ. ಹದಿಮೂರು. ಮತ್ತೆ ಹನ್ನೆರಡು.
ಬೆನ್ನು ಬಿಚ್ಚಿ, ಫ್ಯಾನಿನಿಂದ ಬೆಕ್ಕಿನ ಕೂದಲು ಎಳೆದೆ,
ಒಂದು ಕೈಗವಸು ಹೆಣೆಯುವಷ್ಟು.
ತಂಪಾಯಿತು. ತಂಪಾಗಿಯೇ ತೊದಲಿತು.
ಮೊದಲೇ ಕೇಳಬೇಕಿದ್ದುದನ್ನು ಕಡೆಗೆ ಕೇಳಿದೆ,
ಕಪ್ಪು ಪರದೆಯಲ್ಲಿ, ಒಂದೇ ಸಾಲು:
ಚಿತ್ರ ಬರೆಯುತ್ತಿರುವುದು ಯಾರು?

ಪ್ರೊಸೆಸರು. ಪಾಪ, ಲೆಕ್ಕ ಬರೆಯುವವನೇ
ಅಂಚೆ ನೋಡಿ, ಗಡಿಯಾರ ನೋಡಿ, ಬಾಗಿಲು ಕಾದು
ಉಳಿದ ಚೂರು ಹೊತ್ತಿನಲ್ಲಿ ಬಣ್ಣ ಬಳಿಯುತ್ತಿದ್ದ.
ಬಣ್ಣಕ್ಕೆಂದೇ ತಂದ ಕಾರ್ಡು ಪಕ್ಕದಲ್ಲೇ ಗಾಢ ನಿದ್ದೆ.
ಕುದುರೆ ಲಾಯದಲ್ಲಿ, ಕತ್ತೆ ಗಾಡಿಗೆ.
ಇದನ್ನು ಮೊದಲು ಕೊಂಡವನು ಯಾರೋ, ಎಂದೋ,
ಆ ಕಾರ್ಡಿನ ಡ್ರೈವರನ್ನು
ಒಳಗೆ ಬಿಡಬಾರದವರ ಪಟ್ಟಿಗೆ ಸೇರಿಸಿದ್ದ.

"ಪಟ್ಟಿಯೆ?"
ಗೆನೊವೆಫಾ ಚಹಾದ ಗ್ಲಾಸು ಕೆಳಗಿಟ್ಟರು.
"ಎಂಬತ್ತೆರಡರಲ್ಲಿ, ಚಳಿ ಮುಗಿಯುವವರೆಗೆ,
ಗೇಟಿನವನ ಹತ್ತಿರ ನನ್ನ ಹೆಸರಿನದೂ ಒಂದಿತ್ತು."
ಅಷ್ಟೇ ಹೇಳಿದ್ದು. ನಿಂಬೆಯ ಬಿಲ್ಲೆಯನ್ನು
ಚಮಚದಿಂದ ಒತ್ತುತ್ತ ಕುಳಿತರು.

ಸಾಲಿನ ಮೊದಲಿಗೆ ಒಂದು ಗುರುತು ಹಾಕಿದೆ.
ಗುರುತು ಬಿದ್ದ ಸಾಲನ್ನು ಯಂತ್ರ ಓದುವುದಿಲ್ಲ;
ಅಳಿಸಿದ್ದೂ ಅಲ್ಲ, ಇದ್ದದ್ದೂ ಅಲ್ಲ.
ಆರಿಸಿ, ಮತ್ತೆ ಹೊತ್ತಿಸಿದೆ.

ಅರವತ್ತು.
ಕಿಟಕಿ ಎಣ್ಣೆಯ ಹಾಗೆ ಸುರಿಯಿತು.
ಮುಚ್ಚಿದರು, ತೆರೆದರು, ಮುಚ್ಚಿದರು.
ತುಟಿ ಅಲುಗುತ್ತಿತ್ತು, ಎಣಿಕೆ ಸಿಕ್ಕಲಿಲ್ಲ.
"ಇಷ್ಟೊಂದು ನಡುವಿನವನ್ನು ಬರೆದು ಏನು ಮಾಡುತ್ತದೆ?"
ತೋರಿಸಿ ಎಸೆಯುತ್ತದೆ, ಎಂದೆ.
"ನಾವು ತೊಳೆದು ಇಡುತ್ತಿದ್ದೆವು. ಹಾಳೆಗೆ ಬರ."

ಗುರುವಾರ ಮತ್ತೆ ಆರು ಮೆಟ್ಟಿಲು ಇಳಿದು ಬಂದರು.
"ನಿಮ್ಮ ಕಲಾವಿದ ಬಹಳ ತಿನ್ನುತ್ತಾನೆ."
ಎರಡು ಗಂಟೆಯ ಬ್ಯಾಟರಿ ಐವತ್ತು ನಿಮಿಷಕ್ಕೆ ಮುಗಿದಿತ್ತು.
ಪ್ಲಗ್ಗು ಚುಚ್ಚಿದಾಗ ಮಾತ್ರ ಎದ್ದೇಳುವಂತೆ ಮಾಡಿಕೊಟ್ಟೆ.
ನೆರಳು ಬೇಡ, ಮಸುಕು ಬೇಡ, ಎಲ್ಲ ತೆಗಿ,
ಕಿಟಕಿ ಮುಚ್ಚುವುದೊಂದು ಇರಲಿ ಎಂದರು.

ದುಡ್ಡು ತೆಗೆದುಕೊಳ್ಳಲಿಲ್ಲ. ಒಂದು ಹಾಳೆ ಕೊಟ್ಟು ಹೋದರು:
ಪಾರದರ್ಶಕ, ಕೊಕ್ಕರೆ, ಒಂದು ಕಾಲು ಮೇಲೆ,
ಮೂಲೆಯಲ್ಲಿ ಪೆನ್ಸಿಲಿನ ಏಳು.
ಬೆಂಚಿನ ಮೇಲಿನ ಕಿಟಕಿಗೆ ಅಂಟಿಸಿದ್ದೇನೆ.
ನೆಲಮಟ್ಟದ ಕಿಟಕಿ; ಅಲ್ಲಿಂದ ಕಾಣುವುದು
ಹೋಗುವವರ, ಬರುವವರ ಕಾಲು ಮಾತ್ರ.