ಎಡ ಮಂಡಿ

ಏಪ್ರಿಲ್. ಮಿಲ್ವಾಕಿಯ ಸರೋವರದ ಗಾಳಿಗೆ
ಇನ್ನೂ ಹಲ್ಲು ಉದುರಿಲ್ಲ.
ಬೆಳಿಗ್ಗೆ ಹನ್ನೊಂದಕ್ಕೆ, ಎಲ್ಲರಿಗಿಂತ ಮೊದಲು,
ಎಲಾಡಿಯೋ ಬಂದು ನನ್ನ ಮೇಜಿನ ಮೇಲೆ ಕಾಲು ಚಾಚುತ್ತಾನೆ.
ಅಡವಿಟ್ಟ ಒಡವೆಯನ್ನು ನೋಡಲು ಬಂದವನ ಹಾಗೆ
ತನ್ನ ಮಂಡಿಯನ್ನು ತಾನೇ ನೋಡುತ್ತಾನೆ.

ನನ್ನ ಕೆಲಸ ಟೇಪು ಸುತ್ತುವುದು.
ಇಪ್ಪತ್ತಾರು ವರ್ಷದಿಂದ ಇದೇ: ಹಿಮ್ಮಡಿ, ಮಣಿಕಟ್ಟು, ಬೆರಳು, ಮಂಡಿ.
ಕೆಳಗಿಂದ ಮೇಲೆ, ಅರ್ಧ ಮುಚ್ಚಿ ಅರ್ಧ ಬಿಟ್ಟು,
ರಕ್ತ ಹರಿಯುವಷ್ಟು ಸಡಿಲ,
ಸುಳ್ಳು ನಿಲ್ಲುವಷ್ಟು ಬಿಗಿ.

ಆ ಡಿಸೆಂಬರ್ ನೆನಪಿದೆ.
ಅವನಿಗೆ ಮೂವತ್ತೆರಡು. ಆ ವರ್ಷ ನಲವತ್ತೊಂದು ಹೋಮ್ ರನ್.
ಯಜಮಾನರು ಹೋಟೆಲಿನ ದೊಡ್ಡ ಕೋಣೆಯಲ್ಲಿ
ಹತ್ತು ವರ್ಷದ ಕರಾರು ಹರಡಿದರು.
ವರ್ಷಕ್ಕೆ ಎರಡು ಕೋಟಿ ಅರವತ್ತು ಲಕ್ಷ ಡಾಲರು,
ಆಡಿದರೂ ಸರಿ, ಆಡದಿದ್ದರೂ ಸರಿ.
ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದವರನ್ನು ಕಂಡು ನಕ್ಕಿದ್ದೇವೆ;
ಇವರು ನಲವತ್ತರ ಗಂಡಸಿಗೆ ಮೂವತ್ತರ ಅಂಗಿ ಹೊಲಿಸುತ್ತಿದ್ದರು,
ಕ್ಯಾಮೆರಾಗಳ ಮುಂದೆ, ಚಪ್ಪಾಳೆಯ ನಡುವೆ.

ಅದಕ್ಕೆ ಎರಡು ದಿನ ಮುಂಚೆ
ಮಂಡಿಯ ಚಿತ್ರ ದೀಪದ ಹಲಗೆಯ ಮೇಲಿತ್ತು.
ಮೂಳೆಯ ಅಂಚಿನಲ್ಲಿ ಸಾಸಿವೆಯಷ್ಟು ನೆರಳು.
'ವೆಂಡೆಲ್, ಈ ಕಾಲು ಆಡುತ್ತದೆಯೆ?' ಕೇಳಿದರು ಡಾಕ್ಟರ್ ಹಾಲ್ವರ್ಸನ್.
ಆಡುತ್ತದೆ ಅಂದೆ. ಸುಳ್ಳಲ್ಲ.
ಎಷ್ಟು ದಿನ ಎಂದು ಯಾರೂ ಕೇಳಲಿಲ್ಲ.
ಕೇಳದ ಪ್ರಶ್ನೆಗೆ ಉತ್ತರ ಹೇಳುವಷ್ಟು ಸಂಬಳ ನನ್ನದಲ್ಲ.

ಸಾಸಿವೆ.
ಅದೂ ಅಂದು ರುಜು ಹಾಕಿತ್ತು ಅಂತ ಈಗ ಅನಿಸುತ್ತದೆ.

ಇದು ಏಳನೇ ವರ್ಷ.
ಚೆಂಡು ಅವನ ಬಲಕ್ಕೆ ಎರಡು ಮೊಳ ದೂರ ನೆಲ ಸವರಿ ಹೋಗುತ್ತದೆ;
ಕಣ್ಣು ಹೋಗುತ್ತದೆ, ಕೈ ಹೋಗುತ್ತದೆ,
ಕಾಲು ಯೋಚಿಸುತ್ತದೆ.
ಮೂರನೇ ಸಾಲಿನಲ್ಲೊಬ್ಬ ಕೊಳಾಯಿ ರಿಪೇರಿಯವ
ಬಿಯರಿನ ಲೋಟ ಎತ್ತಿ ಕೂಗುತ್ತಾನೆ:
'ಬೀಸಿ ತಪ್ಪಿದ್ದಕ್ಕೆ ನಲವತ್ಮೂರು ಸಾವಿರ!'
ಅವನ ಲೆಕ್ಕ ಸರಿಯಾಗಿಯೇ ಇದೆ.
ನಾನೂ ಒಮ್ಮೆ ಸ್ಯಾಂಡ್‌ವಿಚ್ ಸುತ್ತಿದ ಕಾಗದದ ಮೇಲೆ ಮಾಡಿ ನೋಡಿದ್ದೆ.

ಬೆಂಚಿನ ತುದಿಯಲ್ಲಿ ಇಪ್ಪತ್ಮೂರರ ಹುಡುಗ, ಟೆರಿಲ್ ಓಕ್ಸ್,
ಗ್ಲೌಸಿನೊಳಗೆ ಮುಷ್ಟಿ ಗುದ್ದಿಕೊಳ್ಳುತ್ತಾನೆ.
ಅವನ ಮಂಡಿಗೆ ಟೇಪು ಬೇಡ. ಆಟವೂ ಇಲ್ಲ.
ಅವನ ಇಡೀ ವರ್ಷದ ಸಂಬಳ
ಎಲಾಡಿಯೋನ ಒಂದು ವಾರಕ್ಕೆ ಸಮ ಬಾರದು.
ಹಳಬನನ್ನು ಕೂರಿಸಿದರೆ ದುಡ್ಡು ಕೂತು ತಿನ್ನುತ್ತದೆ,
ಆಡಿಸಿದರೆ ಆಟವೇ ಕೂತುಬಿಡುತ್ತದೆ.
ಬೇರೆ ಊರಿನ ತಂಡಕ್ಕೆ ದಾಟಿಸೋಣವೆಂದರೆ
ದನದ ಸಂತೆಯಲ್ಲಿ ಹಲ್ಲು ನೋಡಿದ ಹಾಗೆ
ಬಂದವರೆಲ್ಲ ಮೊದಲು ಕಾಲು ನೋಡುತ್ತಾರೆ.
ಮೇಲಿನ ಗಾಜಿನ ಕೋಣೆಯವರು
ಯಾರ ಮುಖವನ್ನೂ ಯಾರೂ ನೋಡದೆ ಕಾಫಿ ಕಲಕುತ್ತಾರೆ.

ಒಮ್ಮೆ ಕೇಳಿದೆ: ಬಿಟ್ಟುಬಿಡಬಾರದೆ?
ಮಂಜುಗಡ್ಡೆಯ ಬಕೆಟ್ಟಿನಲ್ಲಿ ಕಾಲಿಟ್ಟು ಕೂತಿದ್ದ. ನಕ್ಕ.
'ಇಪ್ಪತ್ತೈದರಲ್ಲಿ ಆಕಾಶಕ್ಕೆ ಹೊಡೆದಾಗ ಇವರು ಚಿಲ್ಲರೆ ಕೊಟ್ಟರು.
ಆಗಿನ ಬಾಕಿ ಈಗ ಬರುತ್ತಿದೆ ಅಂದುಕೊ.'
ನೀರು ಕಲಕಿದ. ಮಂಜಿನ ಚೂರುಗಳು ಟಿಣ್ ಅಂದವು.
'ಅದಿರಲಿ ವೆಂಡೆಲ್, ಬಿಟ್ಟರೆ,
ಬೆಳಿಗ್ಗೆ ಹನ್ನೊಂದಕ್ಕೆ ನಾನು ಎಲ್ಲಿಗೆ ಹೋಗಲಿ?'

ನಿನ್ನೆ, ಎಂಟನೇ ಇನಿಂಗ್ಸ್.
ಮೀಸೆ ಬಲಿಯದ ಪಿಚರ್ ಒಬ್ಬ, ಮುದುಕ ತಾನೆ ಎಂದು,
ನಟ್ಟನಡುವೆ ಎಸೆದ.
ಬ್ಯಾಟಿನ ಸದ್ದಿಗೆ ಮಾತ್ರ ವಯಸ್ಸಾಗಿರಲಿಲ್ಲ.
ಕೊಳಾಯಿಯವನೂ ಎದ್ದು ನಿಂತ, ಬಿಯರು ಚೆಲ್ಲಿಕೊಂಡು.
ಮೂವತ್ತು ಸಾವಿರ ಜನ ಚೆಂಡು ನೋಡಿದರು.
ನಾನು ಮಂಡಿ ನೋಡಿದೆ.
ಮೊದಲ ಬೇಸು. ಎರಡನೆಯದು.
ಮೂರರ ತಿರುವಿನಲ್ಲಿ, ಕಂಡೂ ಕಾಣದಷ್ಟು, ಒಂದು ತಡೆ.
ಅವನು ಹೋಮ್ ಪ್ಲೇಟು ಮುಟ್ಟುವಷ್ಟರಲ್ಲಿ
ಎದ್ದವರೆಲ್ಲ ಕೂತಾಗಿತ್ತು.

ಇನ್ನು ಮೂರು ವರ್ಷ, ಕಾಗದದ ಪ್ರಕಾರ.
ಇವತ್ತಿನ ಆಟ ಒಂದೂವರೆಗೆ.
ಟೇಪಿನ ತುದಿಯನ್ನು ಹಲ್ಲಲ್ಲಿ ಹರಿದೆ.
'ಬಿಗಿಯಾಯಿತೆ?' ಅಂದೆ.
'ಇನ್ನೊಂದು ಸುತ್ತು' ಅಂದ.